ದೊರೆಸಾನಿಯ ಕಾಗದ

ಕೌಂಟರಿನ ಹಿಂದೆ ಕೂತಿದ್ದ ಹೆಂಗಸು ನಮ್ಮ ಮಗುವಿನ ಜನನ ಪತ್ರವನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಅದು ತಗಡಿನ ಹಾಗೆ ವಟವಟ ಅಂದಿತು.

"ಇದನ್ನ ಯಾರು ಲ್ಯಾಮಿನೇಷನ್ ಮಾಡಿದ್ದು?" ಎಂದು ಕೇಳಿದಳು.

ನನ್ನ ಮೊಮ್ಮಗಳು ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಅಪ್ಪನ ಕಡೆ ತಿರುಗಿದಳು. ಅವಳ ಅಪ್ಪ, ಅಂದರೆ ನನ್ನ ಮಗ, ಕಾಗದವನ್ನೇ ನೋಡುತ್ತಿದ್ದ. ಹೆಣ್ಣು ನೋಡಲು ಹೋದಾಗಲೂ ಅವನು ಅಷ್ಟು ಹೊತ್ತು ನೋಡಿರಲಿಲ್ಲ. ಆಮೇಲೆ, "ನಮ್ಮ ಅಂಗಡೀಲೇ ಆಗಿದ್ದು" ಎಂದ.

"ಗಟ್ಟಿಯಾಗಿ ಮಾಡಿದೀರಿ ಬಿಡಿ. ಪ್ರಳಯ ಆದ್ರೂ ಇದಕ್ಕೇನೂ ಆಗಲ್ಲ," ಎಂದಳು ಅವಳು. "ಆದ್ರೆ ನಮ್ಮ ಮೊಹರು ಈ ಕಾಗದದ ಬೆನ್ನ ಮೇಲೇ ಬೀಳಬೇಕು. ಪ್ಲಾಸ್ಟಿಕ್ ಮೇಲೆ ಮೊಹರು ನಿಲ್ಲಲ್ಲ, ಬೆರಳು ತಾಗಿದ್ರೆ ಅಳಿಸಿಹೋಗುತ್ತೆ. ಇದು ನಡೆಯಲ್ಲ."

"ಜೆರಾಕ್ಸ್ ಮಾಡಿಸ್ಕೊಂಡು ಅದರ ಮೇಲೆ ಹಾಕಮ್ಮ," ಎಂದೆ ನಾನು. ನನ್ನನ್ನು ಯಾರೂ ಕರೆದುಕೊಂಡು ಹೋಗಿರಲಿಲ್ಲ. ನಾನೇ ಹೋಗಿದ್ದೆ.

"ಅಸಲು ಬೇಕು ಅಜ್ಜಿ."

"ಅಸಲು ಅಂದ್ರೆ ಮಗು ತಾನೇ? ಎದುರಿಗೇ ಇದೆ. ಅದರ ಬೆನ್ನ ಮೇಲೇ ಹಾಕು."

ಅವಳಿಗೆ ನಗು ಬಂತು. ಆದರೆ ಮೊಹರಿನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ವಿಷಯ ಇಷ್ಟು. ನನ್ನ ಮೊಮ್ಮಗಳೂ ಅವಳ ಗಂಡನೂ ಹೊರದೇಶದಲ್ಲಿ ದುಡಿಯುತ್ತಾರೆ. ಅವಳು ಬ್ರೆಡ್ ಕಾರ್ಖಾನೆಯಲ್ಲಿ, ಅವನು ಬಂದರಿನಲ್ಲಿ ಕ್ರೇನ್ ಮೇಲೆ. ಮಗು ಹುಟ್ಟಿದ್ದು ಅಲ್ಲಿ. ಅಲ್ಲಿ ಹುಟ್ಟಿದ ಮಾತ್ರಕ್ಕೆ ಅಲ್ಲಿಯವಳು ಆಗುವುದಿಲ್ಲವಂತೆ. ಇಲ್ಲಿಯವರ ಹೊಟ್ಟೆಯಲ್ಲಿ ಹುಟ್ಟಿದರೂ, ಇಲ್ಲಿಯ ಪುಸ್ತಕದಲ್ಲಿ ಬರೆಸುವ ತನಕ ಇಲ್ಲಿಯವಳೂ ಅಲ್ಲವಂತೆ. ಬರುವಾಗ ವಿಮಾನಕ್ಕೆ ಅಂತ ಒಂದು ಹಾಳೆ ಕೊಟ್ಟಿದ್ದರು, ಅದು ಬರುವುದಕ್ಕೆ ಮಾತ್ರ, ಹೋಗುವುದಕ್ಕಲ್ಲ. ನನಗೆ ಇದು ಎಷ್ಟು ಸೋಜಿಗವಾಯಿತು ಅಂದರೆ, ದಿನವೆಲ್ಲ ಮಗುವಿನ ಎದುರು ಕೂತು ಅದರ ಮುಖವನ್ನೇ ನೋಡಿದೆ. ಮೂಗು ನನ್ನ ಗಂಡನದು, ಕಿವಿ ನನ್ನದು, ಹಟ ಇಡೀ ವಂಶದ್ದು. ಇಷ್ಟೆಲ್ಲ ನಮ್ಮದೇ ಸಾಮಾನು ಹೊತ್ತುಕೊಂಡು ಬಂದವಳು ಯಾರಿಗೂ ಸೇರದವಳು. ಅವಳ ಸಲುವಾಗಿ ಮನೆಮಂದಿಯೆಲ್ಲ ಕಚೇರಿ ಬಾಗಿಲಲ್ಲಿ ನಿಲ್ಲಬೇಕು, ಅವಳು ಮಾತ್ರ ಬೆರಳು ಚೀಪುತ್ತ ಕೂತಿರುತ್ತಾಳೆ. ಹಾಗಾಗಿ ನಾನು ಅವಳಿಗೆ ದೊರೆಸಾನಿ ಅಂತ ಹೆಸರಿಟ್ಟೆ.

ಮೊಮ್ಮಗಳ ರಜೆ ಮುಗಿಯುವುದರೊಳಗೆ ದೊರೆಸಾನಿಯನ್ನು ಪುಸ್ತಕದಲ್ಲಿ ಬರೆಸಿ, ಪಾಸ್‌ಪೋರ್ಟ್ ಮಾಡಿಸಿ, ಎತ್ತಿಕೊಂಡು ವಿಮಾನ ಹತ್ತಬೇಕಿತ್ತು. ಇಲ್ಲದಿದ್ದರೆ ಎರಡೇ ದಾರಿ, ಮಗು ಬಿಟ್ಟು ಹೋಗಬೇಕು, ಇಲ್ಲ ಕೆಲಸ ಬಿಟ್ಟು ಇರಬೇಕು. ಹೊಸ ಅಸಲು ಪತ್ರ ಬೇಕೆಂದರೆ ಅಲ್ಲಿಂದಲೇ ತರಿಸಬೇಕು, ಮಗುವಿನ ಅಪ್ಪನೇ ಖುದ್ದಾಗಿ ಅರ್ಜಿ ಕೊಡಬೇಕು ಅಂತ ಕೌಂಟರಿನವಳು ಹೇಳಿ, ಮುಂದಿನವರನ್ನು ಕರೆದಳು.

ನನ್ನ ಮಗನನ್ನು ಬೀದಿಯಲ್ಲಿ ಎಲ್ಲರೂ ಕರೆಯುವುದು ಹೊಳಪಣ್ಣ ಅಂತ. ಬೀದಿಯ ತಿರುವಿನಲ್ಲಿ ಅವನ ಜೆರಾಕ್ಸ್, ಲ್ಯಾಮಿನೇಷನ್ ಅಂಗಡಿ. ಕೈಗೆ ಸಿಕ್ಕಿದ ಕಾಗದಕ್ಕೆಲ್ಲ ಪ್ಲಾಸ್ಟಿಕ್ ಹೊದಿಸದಿದ್ದರೆ ಅವನಿಗೆ ಅನ್ನ ಇಳಿಯುವುದಿಲ್ಲ. ನನ್ನ ಮಾತ್ರೆಗಳ ಹೊತ್ತಿನ ಚೀಟಿ, ನೀರು ಬಿಡುವವನ ಫೋನ್ ನಂಬರು, ಅವನಪ್ಪನ ಹಳೇ ಬಸ್ ಪಾಸು, ಎಲ್ಲ ಫಳಫಳ. ಒಂದೇ ಕಡೆ ಜಾಸ್ತಿ ಹೊತ್ತು ಕೂತರೆ ನನ್ನನ್ನೂ ಮಷೀನಿಗೆ ಕೊಟ್ಟುಬಿಡುತ್ತಾನೆ ಅಂತ ನಾನು ಆಗಾಗ ಎದ್ದು ಓಡಾಡುತ್ತೇನೆ.

ಹಾಗಾಗಿ, ಯಾರು ಮಾಡಿದ್ದು ಅಂತ ಮೊಮ್ಮಗಳು ಯೋಚನೆ ಮಾಡುವ ಅಗತ್ಯವೇ ಬೀಳಲಿಲ್ಲ.

ಮನೆಗೆ ಬಂದಾಗ ಸೊಸೆ ತಟ್ಟೆ ಹಾಕಿ ಕಾಯುತ್ತಿದ್ದಳು. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ, ಶಾಲೆಗಳ ಯೂನಿಫಾರ್ಮು, ದಿಂಬಿನ ಕವರು ಅಂತ. ಹೊಲಿಗೆ ಮಷೀನಿನ ಮೇಲೆ ನೀಲಿ ಬಟ್ಟೆ ಹಾಗೇ ನಿಂತಿತ್ತು.

"ಆಯ್ತಾ?" ಎಂದು ಕೇಳಿದಳು.

"ಆಯ್ತು. ಎಲ್ಲಾ ಆಯ್ತು," ಎಂದಳು ಮೊಮ್ಮಗಳು. "ಅಪ್ಪ ಚೆನ್ನಾಗಿ ಮಾಡಿಟ್ಟಿದ್ರು. ಜನನ ಪತ್ರ ಪ್ಲಾಸ್ಟಿಕ್ ಒಳಗೆ ಸಮಾಧಿ ಆಗಿದೆ. ಮೊಹರು ಹಾಕಲ್ವಂತೆ."

ಸೊಸೆ ಅನ್ನದ ಪಾತ್ರೆ ಕೆಳಗಿಟ್ಟಳು. ಮಗ ಕೈ ತೊಳೆದು ಬಂದು ತಟ್ಟೆಯ ಮುಂದೆ ಕೂತ.

"ಬಂದ ದಿನಾನೇ ನಿಮ್ಮ ಕೈಗೆ ಕವರು ಕೊಟ್ಟು ಏನು ಹೇಳಿದ್ದೆ ಅಪ್ಪ? ಜೋಪಾನವಾಗಿಡಿ ಅಂದೆ. ಕವರು ತೆಗೆದು ಮಷೀನಿಗೆ ಹಾಕಿ ಅಂದ್ನಾ?"

ಅವನು ಅನ್ನ ಕಲಸಿದ.

"ಮಾತಾಡಿ. ಬೇಕಂತಲೇ ಮಾಡಿದ್ದಾ? ಮಗು ಇಲ್ಲೇ ಉಳೀಲಿ ಅಂತಲಾ?"

"ಅಳಿಯಂದ್ರಿಗೆ ಫೋನ್ ಮಾಡು," ಎಂದ ಮಗ. "ನಾಳೇನೇ ಅರ್ಜಿ ಕೊಡ್ಲಿ."

"ಅಷ್ಟೇನಾ?"

"ಪಲ್ಯ ಹಾಕು," ಎಂದ ಹೆಂಡತಿಗೆ.

ಮೊಮ್ಮಗಳು ತಟ್ಟೆ ಸರಿಸಿ ಎದ್ದು ಹೋದಳು. ಸೊಸೆ ಪಲ್ಯ ಹಾಕಿದಳು. ಎಷ್ಟು ಹಾಕಿದಳು ಅಂದರೆ ಆಲೂಗಡ್ಡೆ ತಟ್ಟೆಯ ಅಂಚು ದಾಟಿ ನೆಲ ನೋಡುತ್ತಿತ್ತು. ಮಗ ಅಷ್ಟನ್ನೂ ತಿಂದ.

ಅಲ್ಲಿಂದ ಅಪ್ಪ ಮಗಳ ಮಾತು ನಿಂತಿತು. ಎರಡು ಕೋಣೆ, ಒಂದು ಅಡುಗೆಮನೆಯ ನಮ್ಮ ಮನೆಯಲ್ಲಿ ಮಾತು ಬಿಡುವುದು ಸುಲಭವಲ್ಲ, ಸೀನಿದರೆ ಮೂವರ ಮೇಲೆ ಬೀಳುತ್ತದೆ. ಅವರಿಬ್ಬರಿಗೂ ನಾನೇ ಅಂಚೆ.

"ಅಜ್ಜಿ, ಅಪ್ಪನಿಗೆ ಹೇಳು, ಮಗುವಿನ ಟವೆಲ್ ಮೇಲೆ ಕೂತಿದ್ದಾರೆ ಅಂತ."

ಅಪ್ಪ ಕೂತಿದ್ದುದು ಅವಳ ಮೊಣಕಾಲಿಗೆ ತಾಗಿಕೊಂಡೇ. ನಾನು ಅವನ ಕಡೆ ತಿರುಗಿ, "ನೀನು ಕೂತು ಟವೆಲ್ ಪಾವನ ಆಯ್ತಂತೆ. ಇನ್ನು ದಯಮಾಡಿಸಬಹುದಂತೆ," ಎಂದೆ.

"ನೋಡ್ಲಿಲ್ಲ ಅಂತ ಹೇಳಮ್ಮ."

"ನಿಮ್ಮಪ್ಪ ಕಣ್ಣೀರಲ್ಲಿ ಕೈ ತೊಳೀತಿದ್ದಾನೆ ಕಣೇ. ಕ್ಷಮಿಸ್ಬೇಕಂತೆ."

"ನಾನೆಲ್ಲಿ ಹಾಗಂದೆ?" ಎಂದ ಮಗ.

"ಅವರೆಲ್ಲಿ ಹಾಗಂದ್ರು?" ಎಂದಳು ಮೊಮ್ಮಗಳು.

ಇಬ್ಬರೂ ನನ್ನ ಮೇಲೆ ರೇಗಿದರು. ಅಷ್ಟು ಹೊತ್ತಾದರೂ ಒಂದೇ ಮಾತಾಡಿದರಲ್ಲ.

ಮೊಮ್ಮಗಳ ಗಂಡ ಕ್ರೇನಿನ ತುದಿಯ ಗೂಡಿನಿಂದ ಫೋನ್ ಮಾಡುತ್ತಿದ್ದ. ಅವನ ಮಾತಿನ ನಡುವೆ ಗಾಳಿ ಎಷ್ಟು ಜೋರಾಗಿ ಬೀಸುತ್ತಿತ್ತು ಅಂದರೆ ನಮ್ಮ ಮನೆಯ ಪರದೆ ಹಾರುವುದೊಂದು ಬಾಕಿ.

"ಕಚೇರಿ ತೆಗೆಯೋ ಹೊತ್ತಿಗೆ ನಾನು ಮೇಲಿರ್ತೀನಿ. ಇಳಿಯೋ ಹೊತ್ತಿಗೆ ಅವರು ಬಾಗಿಲು ಹಾಕಿರ್ತಾರೆ," ಎಂದ.

"ಹಾಗಾದ್ರೆ ಕ್ರೇನಿನ ಕೊಕ್ಕೇಲಿ ಅರ್ಜಿ ಸಿಕ್ಕಿಸಿ, ಕಿಟಕಿಯೊಳಗೆ ಇಳಿಸಪ್ಪ," ಎಂದೆ ನಾನು.

"ಅಜ್ಜಿ, ಫೋನ್ ಕೊಡು ಈ ಕಡೆ," ಎಂದಳು ಮೊಮ್ಮಗಳು.

ಮೇಸ್ತ್ರಿಯ ಕಾಲು ಹಿಡಿದು, ಜೊತೆಯವನಿಗೆ ತನ್ನ ಪಾಳಿ ಕೊಟ್ಟು, ಅಂತೂ ಅವನು ಒಂದು ಬೆಳಿಗ್ಗೆ ಹೋಗಿ ಅರ್ಜಿ ಕೊಟ್ಟ. ಪತ್ರ ಕೈಗೆ ಬರಲು ಕೆಲವು ವಾರ ಆಗುತ್ತದೆ ಅಂದರಂತೆ. ಮೊಮ್ಮಗಳು ಗೋಡೆಯ ಕ್ಯಾಲೆಂಡರಿನ ಮುಂದೆ ಹೋಗಿ ನಿಂತಳು. ರಜೆಯ ಕೊನೆ ಅವಳಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಲೆಕ್ಕ ಕೂಡಲಿಲ್ಲ.

ಇತ್ತ ನನ್ನ ಮಗ ಪ್ಲಾಸ್ಟಿಕ್ ಬಿಡಿಸುವ ವಿದ್ಯೆ ಕಲಿಯಲು ಹೊರಟ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿಗೆ ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ, ಮನೆಯಲ್ಲಿದ್ದ ಹೊಳೆಯುವ ಕಾಗದಗಳನ್ನೆಲ್ಲ ಒಂದೊಂದಾಗಿ ಒಯ್ದು, ಅಂಚಿನಲ್ಲಿ ಬ್ಲೇಡು ತೂರಿಸಿ ಎಬ್ಬಿಸುತ್ತಿದ್ದ. ಮಾತ್ರೆಯ ಚೀಟಿ ಎರಡು ಪದರವಾಯಿತು, ಅಕ್ಷರ ಒಂದರಲ್ಲಿ, ಕಾಗದ ಒಂದರಲ್ಲಿ. ನೀರಿನವನ ನಂಬರಿನಲ್ಲಿ ಮುಂದಿನ ಅರ್ಧ ಸುಟ್ಟುಹೋಯಿತು. ಕೊನೆಗೆ ಅವನಪ್ಪನ ಬಸ್ ಪಾಸಿಗೆ ಕೈ ಹಾಕಿದ. ಪ್ಲಾಸ್ಟಿಕ್ ಜೊತೆ ನನ್ನ ಗಂಡನ ಮೀಸೆ ಎದ್ದು ಬಂತು.

"ಬದುಕಿದ್ದಾಗ ತೆಗೀರಿ ತೆಗೀರಿ ಅಂತ ಬಾಯಿ ನೋಯಿಸ್ಕೊಂಡೆ, ತೆಗೀಲಿಲ್ಲ. ಈಗ ಮಗ ತೆಗೆದ," ಎಂದೆ.

ಅವನು ನಗಲಿಲ್ಲ. ಮೀಸೆ ಅಂಟಿದ್ದ ಪ್ಲಾಸ್ಟಿಕ್ಕನ್ನು ಬೆಳಕಿಗೆ ಹಿಡಿದು ನೋಡಿ, "ಬರಲ್ಲಮ್ಮ. ಇದು ಹೋದ್ರೆ ಕಾಗದಾನೂ ಹೋಗುತ್ತೆ," ಎಂದು ಇಸ್ತ್ರಿಪೆಟ್ಟಿಗೆಯ ವೈರು ಕಿತ್ತ.

ಅಷ್ಟರಲ್ಲಿ ಒಬ್ಬ ಹುಡುಗಿ ಪರೀಕ್ಷೆ ಪಾಸಾದ ಪತ್ರ ಹಿಡಿದುಕೊಂಡು ಬಂದಳು. ಲ್ಯಾಮಿನೇಷನ್ ಬೇಕಂತೆ. ನನ್ನ ಮಗ ಪತ್ರ ಮುಟ್ಟುವ ಮೊದಲೇ ಕೇಳಿದ, "ಇದಕ್ಕೆ ಮುಂದೆ ಎಲ್ಲಾದ್ರೂ ಸೀಲ್ ಹಾಕಿಸೋದಿದ್ಯಾ ತಾಯಿ?" ಹುಡುಗಿ ಇದೆ ಎಂದಳು. "ಹಾಗಾದ್ರೆ ಈಗ ಬೇಡ. ಎಲ್ಲಾ ಮುಗಿಸ್ಕೊಂಡು ಬಾ," ಎಂದು ಪತ್ರವನ್ನು ಹಾಗೇ ವಾಪಸ್ ಕೊಟ್ಟ. ಬಂದ ವ್ಯಾಪಾರವನ್ನು ಕಳಿಸಿಬಿಟ್ಟ.

ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಊರವರಿಗೆಲ್ಲ ಈ ಪ್ರಶ್ನೆ ಕೇಳುವವನು ಸ್ವಂತ ಮಗಳ ಮಗುವಿನ ಕಾಗದಕ್ಕೆ ಯಾಕೆ ಕೇಳಲಿಲ್ಲ?

ಕುತೂಹಲ ಬಂದರೆ ನನಗೆ ಊಟ ಸೇರುವುದಿಲ್ಲ. ಅವತ್ತು ಎರಡೇ ಸಲ ಉಂಡೆ. ಮೊಮ್ಮಗಳು ಮಗುವಿಗೆ ಸ್ನಾನ ಮಾಡಿಸುವಾಗ ಕಪಾಟಿನಿಂದ ಆ ಪತ್ರ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತೆ. ನನಗೆ ಓದು ಅಷ್ಟಕ್ಕಷ್ಟೇ, ಅದೂ ಅಲ್ಲಿಯ ಭಾಷೆ, ಇರುವೆ ಸಾಲು ಹೋದ ಹಾಗಿತ್ತು. ಆದರೆ ಅಂಚು ಓದಲು ಅಕ್ಷರ ಬೇಕಿಲ್ಲ. ನನ್ನ ಮಗ ಪ್ಲಾಸ್ಟಿಕ್ ಅಂಚನ್ನು ಬ್ಲೇಡಿನಿಂದ ಕೊಯ್ದು, ನಾಲ್ಕು ಮೂಲೆಯನ್ನೂ ಪಂಚಿನಲ್ಲಿ ದುಂಡಗೆ ಮಾಡುತ್ತಾನೆ, ಯಾರ ಜೇಬಿಗೂ ಚುಚ್ಚಬಾರದು ಅಂತ. ಈ ಪತ್ರದ ಮೂಲೆ ಸೂಜಿಯ ಹಾಗೆ ಚೂಪಾಗಿತ್ತು. ಅಂಚು ಒಂದೇ ಉದ್ದ ಎಳೆತದಲ್ಲಿ ಕತ್ತರಿಸಿದ್ದು. ಯೂನಿಫಾರ್ಮಿನ ಬಟ್ಟೆ ಕತ್ತರಿಸುತ್ತಾರಲ್ಲ, ಹಾಗೆ.

ಪತ್ರವನ್ನು ಇದ್ದ ಜಾಗದಲ್ಲೇ ಇಟ್ಟು ಮಗನ ಹತ್ತಿರ ಹೋದೆ. "ನಿಜ ಹೇಳು. ಇದು ನೀನು ಮಾಡಿದ್ದಾ?"

"ಆಗಿದ್ದು ಆಯ್ತಲ್ಲಮ್ಮ."

"ಅದಲ್ಲ ನಾನು ಕೇಳಿದ್ದು."

"ನಿನ್ನ ಮಾತ್ರೆ ತಗೊಂಡ್ಯಾ?" ಎಂದ.

"ಚೀಟಿ ಸುಲಿದುಹಾಕಿದೀಯ, ಯಾವುದನ್ನ ತಗೊಳ್ಲಿ," ಎಂದು ಬಂದುಬಿಟ್ಟೆ.

ಮಾರನೇ ದಿನ ಸೊಸೆ ಬಟಾಣಿ ಬಿಡಿಸುತ್ತಿದ್ದಳು. ನಾನೂ ಹೋಗಿ ಎದುರು ಕೂತೆ. ಮೊಮ್ಮಗಳು ದೊರೆಸಾನಿಯ ಚಡ್ಡಿಗಳನ್ನು ಒಣಹಾಕಲು ಮಾಳಿಗೆಗೆ ಹೋಗಿದ್ದಳು. ದಿನಕ್ಕೆ ನೂರು ಚಡ್ಡಿ ಒದ್ದೆ ಮಾಡುತ್ತಿತ್ತು ಆ ಮಗು, ಸುಳ್ಳಲ್ಲ.

"ನಿನ್ನ ಕತ್ತರಿ ಈಚೆಗೆ ಸಾಣೆಗೆ ಹೋಗಿತ್ತಲ್ಲ," ಎಂದೆ.

"ಹೂಂ ಅತ್ತೆ. ಮೊಂಡಾಗಿತ್ತು."

"ಯಾಕೆ?"

"ಬಟ್ಟೆ ದಪ್ಪ ಇತ್ತು."

"ಎಷ್ಟು ದಪ್ಪ? ಜನನ ಪತ್ರದಷ್ಟಾ?"

ಸಿಪ್ಪೆ ಬುಟ್ಟಿಗೆ, ಕಾಳು ಬಟ್ಟಲಿಗೆ ಬೀಳಬೇಕಿತ್ತು. ಅವಳು ಸಿಪ್ಪೆಯನ್ನು ಬಟ್ಟಲಿಗೆ ಹಾಕಿದಳು. ನಾನು ಎತ್ತಿ ಈಚೆ ಹಾಕಿದೆ. ಇನ್ನೊಂದು ಹಾಕಿದಳು. ಅದನ್ನೂ ಎತ್ತಿದೆ.

"ಅವರು ಊಟಕ್ಕೆ ಬಂದಿದ್ರು," ಎಂದಳು ತಲೆ ಎತ್ತದೆ. "ನಾನು ಅಂಗಡೀಲಿ ಕೂತಿದ್ದೆ. ಹಿಂದಿನ ದಿನ ಇವಳು ಅರ್ಜಿ ತುಂಬೋಕೆ ಅವರ ಹತ್ರ ಇಸ್ಕೊಂಡು ಆ ಪತ್ರ ಹಾಸಿಗೆ ಮೇಲೇ ಬಿಟ್ಟಿದ್ಲು, ಪಕ್ಕದಲ್ಲೇ ಹಾಲಿನ ಬಾಟಲಿ. ಚೆಲ್ಲಿದ್ರೆ ಏನು ಗತಿ ಅಂತ ನಾನೇ ಎತ್ಕೊಂಡು ಹೋಗಿದ್ದೆ. ಮಷೀನ್ ಬಿಸಿ ಇತ್ತು."

"ಸೀಲ್ ಬೀಳ್ಬೇಕು ಅಂತ ಗೊತ್ತಿರ್ಲಿಲ್ವಾ?"

"ಮದುವೆ ಆದಾಗಿಂದ ಆ ಅಂಗಡೀಲಿ ಅವರ ಪಕ್ಕ ಕೂತಿದೀನಿ. ಬಂದೋರಿಗೆಲ್ಲ ಅವರು ಕೇಳೋದನ್ನ ಕೇಳಿದೀನಿ."

"ಅಂದ್ರೆ ಗೊತ್ತಿತ್ತು."

"ಗೊತ್ತಿತ್ತು. ಕಾಗದ ಮಷೀನೊಳಗೆ ಹೋಗೋವಾಗ ಗೊತ್ತಿತ್ತೋ, ಈಚೆ ಬಂದ್ಮೇಲೆ ನೆನಪಾಯ್ತೋ, ಅದು ಮಾತ್ರ ನನಗೇ ಗೊತ್ತಿಲ್ಲ ಅತ್ತೆ. ಎಷ್ಟೋ ಸಲ ಕೇಳ್ಕೊಂಡೆ."

ನಾನು ಮೂವತ್ತು ಸಾವಿರ ಪ್ರಶ್ನೆ ಸಿದ್ಧ ಮಾಡಿಕೊಂಡು ಹೋಗಿದ್ದವಳು. ಅದರಲ್ಲಿ ಒಂದೇ ಉಳಿಯಿತು. ಕೊನೆಗೆ, "ಅವನಿಗೆ ಹೇಳಿದ್ಯಾ?" ಎಂದೆ.

"ಹೇಳ್ಬೇಕಾ? ಕೌಂಟರಲ್ಲಿ ನೋಡಿದ ಕೂಡ್ಲೇ ಗೊತ್ತಾಗಿರುತ್ತೆ. ಮನೆಗೆ ಬಂದು ಒಂದು ಮಾತು ಕೇಳ್ಲಿಲ್ಲ. ಮಾರನೇ ದಿನ ನನ್ನ ಕತ್ತರಿ ತಗೊಂಡು ಹೋಗಿ ಸಾಣೆ ಹಿಡಿಸ್ಕೊಂಡು ಬಂದು ಹೊಲಿಗೆ ಮಷೀನ್ ಮೇಲಿಟ್ರು."

ಮಾಳಿಗೆಯಿಂದ ಮೊಮ್ಮಗಳು ಇಳಿದು ಬರುವ ಸದ್ದಾಯಿತು. ಸೊಸೆ ಬಟ್ಟಲು ಎತ್ತಿಕೊಂಡು ಒಲೆಯ ಕಡೆ ಹೋದಳು.

ಅವಳು ಮಗಳಿಗೆ ಹೇಳುತ್ತಾಳೋ ಇಲ್ಲವೋ ಅಂತ ನಾನು ದಿನಾ ಕಾದೆ. ಬೆಳಿಗ್ಗೆ ಬ್ರೆಡ್ ಸುಡುವಾಗ ಹೇಳುತ್ತಾಳೆ ಅಂದುಕೊಂಡೆ, ಹೇಳಲಿಲ್ಲ. ಮಗುವಿಗೆ ಎಣ್ಣೆ ಹಚ್ಚುವಾಗ ಹೇಳುತ್ತಾಳೆ ಅಂದುಕೊಂಡೆ, ಆಗಲೂ ಇಲ್ಲ. ಮಗು ಮಾತ್ರ ಯಾರ ಗೊಡವೆಯೂ ಇಲ್ಲದೆ ಅಂಬೆಗಾಲು ಕಲಿತು, ಹೊಲಿಗೆ ಮಷೀನಿನ ಕೆಳಗೆ ಹೋಗಿ ದಾರದ ಉಂಡೆ ಎಳೆದುಕೊಂಡು ಬರುತ್ತಿತ್ತು. ಅಂಗಡಿಯಲ್ಲಿ ಬಿಳಿ ಪರದೆ ಕಟ್ಟಿ ಪಾಸ್‌ಪೋರ್ಟಿಗೆ ಫೋಟೋ ತೆಗೆದರು. ಕಣ್ಣು ಬಿಟ್ಟಿರಬೇಕು, ಬಾಯಿ ಮುಚ್ಚಿರಬೇಕು, ಹಿಡಿದವರ ಕೈ ಕಾಣಬಾರದು. ಸೊಸೆ ಬಿಳಿ ಬಟ್ಟೆಯನ್ನು ತಲೆತುಂಬ ಹೊದ್ದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಚಿತ್ರದಲ್ಲಿ ದೊರೆಸಾನಿ ಗಾಳಿಯಲ್ಲಿ ಕೂತ ಹಾಗೆ ಬಂತು. ಅವಳ ಹಿಂದೆ ಅಜ್ಜಿ ಇದ್ದಳು ಅಂತ ಯಾವ ಅಧಿಕಾರಿಗೂ ಗೊತ್ತಾಗುವಂತಿರಲಿಲ್ಲ.

ಮೊಮ್ಮಗಳು ಹೊರಡುವ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಹೊಸ ಪತ್ರ ಇನ್ನೂ ಅಳಿಯನ ಕೈಗೇ ಸಿಕ್ಕಿರಲಿಲ್ಲ. ಕಾರ್ಖಾನೆಯವರು ರಜೆ ಮುಂದುವರಿಸುವುದಿಲ್ಲ, ಬಂದರೆ ಬಾ, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂದಿದ್ದರು. ಅವಳ ಕೆಲಸದ ಮೇಲೇ ಅಲ್ಲಿಯ ಮನೆ ನಿಂತಿತ್ತು. ಹಾಗಾಗಿ ಮಗು ಬಿಟ್ಟು ಹೋಗುವುದು ಅಂತ ಆಯಿತು. ಪಾಸ್‌ಪೋರ್ಟ್ ಬಂದ ಮೇಲೆ ಅಳಿಯ ವರ್ಷಕ್ಕೊಮ್ಮೆ ಸಿಗುವ ರಜೆ ಹಾಕಿ ಬಂದು ಕರೆದುಕೊಂಡು ಹೋಗುವುದು.

ಮೊಮ್ಮಗಳು ಮಗುವಿನ ಬಾಯಿಗೆ ಅನ್ನ ಇಡುತ್ತಿದ್ದಳು. ಅದು ಉಗುಳಿ ಅವಳ ಎದೆ ಹುಡುಕಿತು. ಅವಳು ಅದನ್ನು ಸರಿಸಿದಳು. ಅದು ಮತ್ತೆ ಬಂತು.

"ಅಜ್ಜಿ, ಅಪ್ಪನಿಗೆ ಹೇಳು," ಎಂದಳು. "ಮಗು ಉಳೀತಲ್ಲ, ಈಗ ಸಂತೋಷಾನಾ ಅಂತ ಕೇಳು."

ಆ ಮಾತನ್ನು ದಾಟಿಸಲು ನನ್ನಿಂದ ಆಗಲಿಲ್ಲ. ಮಗ ನೀರು ಕುಡಿದ.

"ಅವರನ್ನ ಬಿಡು," ಎಂದಳು ಸೊಸೆ. ಅವಳ ಕೈಯಲ್ಲಿ ಸೌಟು ಹಾಗೇ ಇತ್ತು. "ಅವರಲ್ಲ. ನಾನು ಮಾಡಿದ್ದು."

"ಏನು?"

"ಲ್ಯಾಮಿನೇಷನ್. ಅವರು ಊಟಕ್ಕೆ ಬಂದಿದ್ದಾಗ."

"ಅಮ್ಮ, ಅವರನ್ನ ಬಚಾವ್ ಮಾಡೋಕೆ ಹೇಳ್ಬೇಡ."

"ಬಚಾವ್ ಮಾಡಿದ್ದು ಅವರು. ಇಷ್ಟು ದಿನ."

ಮೊಮ್ಮಗಳು ಅಪ್ಪನ ಕಡೆ ನೋಡಿದಳು. ಅವನು ಬರಿದಾದ ಲೋಟವನ್ನು ಮತ್ತೆ ಕುಡಿದ.

"ಸೀಲ್ ಬೀಳ್ಬೇಕು ಅಂತ ಗೊತ್ತಿದ್ದೂ?"

ನನಗೆ ಹೇಳಿದ್ದನ್ನು ಸೊಸೆ ಅವಳಿಗೆ ಹೇಳಬಹುದಿತ್ತು, ಒಳಗೆ ಹೋಗುವಾಗ, ಈಚೆ ಬಂದಮೇಲೆ ಅಂತ. ಹೇಳಲಿಲ್ಲ. "ಹೂಂ," ಎಂದಳು, ಅಷ್ಟೇ.

"ಯಾಕಮ್ಮ?"

"ನೀನು ಹೋದಾಗ ನಿನ್ನ ಕೋಣೇಲಿ ಬಟ್ಟೆ ಥಾನು ಪೇರಿಸಿಟ್ಟೆ. ಇವಳು ಬಂದ್ಮೇಲೆ ಎಲ್ಲಾ ತೆಗೆದು ಈಚೆ ಹಾಕಿದೆ. ಮತ್ತೆ ಪೇರಿಸ್ಬೇಕಲ್ಲ ಅನ್ನಿಸ್ತು."

"ಅದಕ್ಕೆ ನನ್ನ ಮಗೂನ ನನ್ನಿಂದ ಇಸ್ಕೊಂಡ್ಯಾ?"

ಸೊಸೆ ಸೌಟನ್ನು ಪಾತ್ರೆಗೆ ಹಾಕಿದಳು. ಮೊಮ್ಮಗಳು ಮಗುವನ್ನು ಎತ್ತಿಕೊಂಡು ಕೋಣೆಗೆ ಹೋದಳು. ಬಾಗಿಲು ಹಾಕಲಿಲ್ಲ, ಜೋರಾಗಿ ಅಳಲೂ ಇಲ್ಲ. ಪೆಟ್ಟಿಗೆಯ ಜಿಪ್ ಎಳೆಯುವುದು, ತೆಗೆಯುವುದು, ಎಳೆಯುವುದು ಕೇಳುತ್ತಿತ್ತು.

ಹೊರಡುವ ಹೊತ್ತಿಗೆ ಅವಳು ಅಪ್ಪನ ಎದುರು ನಿಂತು, ನನ್ನ ಅಂಚೆ ಇಲ್ಲದೆ, ನೇರವಾಗಿ ಹೇಳಿದಳು, "ಹಾಲಿನ ಪುಡಿ ಮೂರು ಚಮಚ ಅಪ್ಪ, ತುಂಬಿ ಹಾಕ್ಬೇಡಿ. ಕಿವಿ ಹಿಂದೆ ಒರೆಸಿ. ಪಾಸ್‌ಪೋರ್ಟ್ ಬಂದ ದಿನಾನೇ ಫೋನ್ ಮಾಡಿ." ಮಗ ತಲೆಯಾಡಿಸಿದ. ಅವಳು ಅಪ್ಪನ ತೋಳಿಗೆ ಒಂದು ನಿಮಿಷ ಹಣೆ ತಾಗಿಸಿದಳು. ನನ್ನ ಕೆನ್ನೆ ಹಿಂಡಿದಳು. ಅಮ್ಮನ ಕೈಯಿಂದ ಊಟದ ಡಬ್ಬಿ ಇಸಕೊಂಡಳು. ಮುಖ ನೋಡಲಿಲ್ಲ.

ಆಮೇಲೆ ಫೋನ್ ಬರುತ್ತಿದ್ದುದು ಅಪ್ಪನ ಫೋನಿಗೆ. ಸೊಸೆ ಮಗುವಿನ ಕಂಕುಳಲ್ಲಿ ಕೈ ಹಾಕಿ ಫೋನಿನ ಎದುರು ಹಿಡಿದು, ತಾನು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಅಲ್ಲಿ ಅವಳ ಮಗಳಿಗೆ ಮಗು ಕಾಣುತ್ತಿತ್ತು, ಅಮ್ಮನ ಹತ್ತು ಬೆರಳು ಕಾಣುತ್ತಿತ್ತು.

"ಅವಳ ತೂಕ ಜಾಸ್ತಿ ಆಗಿದ್ಯಾ ಅಪ್ಪ?"

ಮಗ ಹೆಂಡತಿಯ ಕಡೆ ನೋಡುವನು. ಅವಳು ಹೂಂ ಅಂತ ತಲೆಯಾಡಿಸುವಳು. "ಆಗಿದೆ," ಎನ್ನುವನು ಇವನು. ಅಂಚೆಯ ಕೆಲಸ ಈಗ ಇವನಿಗೆ ಬಂದಿತ್ತು. ಇವನಿಗೆ ಮಾತು ಸೇರಿಸಲು ಬರುವುದಿಲ್ಲ, ತುಂಬಾ ಸಪ್ಪೆ ಅಂಚೆ.

ಹೊಸ ಪತ್ರ ಬಂತು. ನನ್ನ ಮಗ ಅದನ್ನು ಬಟ್ಟೆಯಲ್ಲಿ ಸುತ್ತಿ, ಎದೆಗೆ ಅವಚಿಕೊಂಡು ಕಚೇರಿಗೆ ಒಯ್ದ. ನಾನು, ಸೊಸೆ, ದೊರೆಸಾನಿ ಹಿಂದೆ ಹೋದೆವು. ಅದೇ ಹೆಂಗಸು ಕೌಂಟರಿನಲ್ಲಿದ್ದಳು. ಪತ್ರ ಬಗ್ಗುತ್ತದೋ ಇಲ್ಲವೋ ಅಂತ ಮೊದಲು ಬಗ್ಗಿಸಿ ನೋಡಿದಳು. ಆಮೇಲೆ ಬೆನ್ನ ಮೇಲೆ ಮೊಹರು ಒತ್ತಿ, ಬಾಯಿಂದ ಉಫ್ ಅಂತ ಊದಿದಳು. ದೊರೆಸಾನಿಯೂ ಊದಿದಳು. ಆ ಮೊಹರಿನ ಸದ್ದಿಗೆ ಇಡೀ ಕಚೇರಿ ನಡುಗಿತು ಅಂತ ನಾನು ಬೀದಿಯಲ್ಲೆಲ್ಲ ಹೇಳಿದೆ. "ಇವತ್ತಿಂದ ಇವಳು ಇಲ್ಲಿಯವಳು," ಎಂದಳು ಕೌಂಟರಿನವಳು. "ಪಾಸ್‌ಪೋರ್ಟ್ ಮನೆಗೇ ಬರುತ್ತೆ."

ಹೊರಗೆ ಬಂದ ಮೇಲೆ ನಾನು ಮಗುವನ್ನು ತಿರುಗಿಸಿ ಮುರುಗಿಸಿ ನೋಡಿದೆ. ಏನೂ ಬದಲಾಗಿರಲಿಲ್ಲ.

ಈ ನಡುವೆ ಮಗು ಸೊಸೆಯನ್ನು ನೋಡಿ "ಮ್ಮಾ" ಅನ್ನಲು ಶುರು ಮಾಡಿತು. ಮೊದಲ ಸಲ ಅಂದಾಗ ಸೊಸೆ ಹೊಲಿಗೆಯ ಪೆಡಲ್ ನಿಲ್ಲಿಸಿದಳು. "ನಾನಲ್ಲ ಪುಟ್ಟಿ, ಅಲ್ಲಿದಾಳೆ," ಎಂದು ಗೋಡೆಯ ಮೇಲಿನ ಮಗಳ ಫೋಟೋ ತೋರಿಸಿದಳು. ಮಗು ಗೋಡೆ ನೋಡಿ, ಮತ್ತೆ ಇವಳನ್ನೇ ನೋಡಿ, "ಮ್ಮಾ" ಎಂದಿತು. ಅವಳು ಹೊಲಿಗೆ ಮುಂದುವರಿಸಿದಳು. ಹೊಲಿಗೆ ಸೊಟ್ಟಗೆ ಹೋಗಿ, ಸಂಜೆ ಬಿಚ್ಚಿದಳು.

ಪಾಸ್‌ಪೋರ್ಟ್ ಬಂದದ್ದು ಒಂದು ಮಧ್ಯಾಹ್ನ, ಮಗ ಅಂಗಡಿಯಲ್ಲಿದ್ದಾಗ. ನಾನು ಬೆಂಚಿನ ಮೇಲೆ ಮಲಗಿದ್ದೆ. ಅಂಚೆಯವನು ಬಾಗಿಲು ತಟ್ಟಿದಾಗಲೇ ಎಚ್ಚರವಾಗಿತ್ತು, ಆದರೆ ಕಣ್ಣು ಬಿಡಲಿಲ್ಲ. ಏಳದಿದ್ದರೆ ಜಾಸ್ತಿ ಕಾಣುತ್ತದೆ.

ಸೊಸೆ ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಸಹಿ ಹಾಕಿದಳು. ಲಕೋಟೆ ಹರಿದು ಪುಸ್ತಕ ತೆಗೆದಳು. ಗಾಳಿಯಲ್ಲಿ ಕೂತ ಮಗುವಿನ ಚಿತ್ರವಿದ್ದ ಪುಟ ಬಿಡಿಸಿ ನಿಂತಳು. ಮಗು ಕೈ ಹಾಕಲು ಹೋದಾಗ ಕೈ ಎತ್ತರಿಸಿದಳು. ಆಮೇಲೆ ಬಟ್ಟೆ ಥಾನುಗಳ ನಡುವೆ ಅದನ್ನು ತೂರಿಸಿದಳು.

ಕೇಳಿಬಿಡಲೇ ಅಂದುಕೊಂಡೆ. ಕೇಳಿದರೆ ಉತ್ತರ ನನಗೆ ಸಿಗುತ್ತದೆ, ಅವಳಿಗೆ ಸಿಗುವುದಿಲ್ಲ. ಬಾಯಿ ಮುಚ್ಚಿಕೊಂ‍ಡು ಬಿದ್ದಿದ್ದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

ಅವಳು ಮಗುವಿಗೆ ಹಾಲು ಕಲಸಿ ಕುಡಿಸಿದಳು. ತೇಗು ಬರುವ ತನಕ ಬೆನ್ನು ತಟ್ಟಿದಳು. ಮಾಳಿಗೆಗೆ ಹೋಗಿ ಬಟ್ಟೆ ತಂದು ಮಡಿಚಿದಳು. ಎರಡು ಕಾಲರು ಹೊಲಿದಳು. ಮಗು ಅವಳ ಕಾಲ ಹತ್ತಿರ ಬಂದು ಸೆರಗು ಹಿಡಿದು ಎದ್ದು ನಿಂತು, "ಮ್ಮಾ" ಎಂದಿತು. ಅವಳು ಅದನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡು ಸುಮ್ಮನೆ ಕೂತಳು. ಬಾಗಿಲಿನ ಬಿಸಿಲು ಹೊಸ್ತಿಲು ದಾಟಿ ಬೀದಿಗೆ ಇಳಿಯಿತು.

ಆಮೇಲೆ ಎದ್ದು, ಪುಸ್ತಕವನ್ನು ಥಾನುಗಳ ನಡುವಿನಿಂದ ತೆಗೆದು ಮೇಜಿನ ಮೇಲಿಟ್ಟು, ತನ್ನ ಫೋನ್ ತೆಗೆದುಕೊಂಡಳು. ಮಗಳು ಹೋದ ಮೇಲೆ ಅವಳಾಗಿ ಫೋನ್ ಮಾಡಿದ್ದು ಅದೇ ಮೊದಲು.

"ಏನಾಯ್ತು?" ಎಂದಿತು ಮೊಮ್ಮಗಳ ದನಿ. ಹಿಂದೆ ಕಾರ್ಖಾನೆಯ ಗದ್ದಲ. "ಮಗು ಹುಷಾರಾಗಿದ್ಯಾ?"

"ಹುಷಾರಾಗಿದೆ. ಪಾಸ್‌ಪೋರ್ಟ್ ಬಂತು."

ಗದ್ದಲ ದೂರವಾಯಿತು, ಎಲ್ಲೋ ಬಾಗಿಲಾಚೆ ಬಂದಿರಬೇಕು. "ಈಗ ಬಂತಾ?"

"ಇಲ್ಲ. ಮಧ್ಯಾಹ್ನಾನೇ ಬಂತು," ಎಂದಳು ಸೊಸೆ. "ಈಗ ಹೇಳ್ತಿದೀನಿ."

ಫೋನ್ ಕಟ್ಟಾಯಿತೇನೋ ಅಂತ ನಾನು ಒಂದು ಕಣ್ಣು ಬಿಟ್ಟೆ.

"ಊಟ ಮಾಡಿದ್ಯಾ ಅಮ್ಮ?" ಎಂದಿತು ದನಿ.

"ಇನ್ನೂ ಇಲ್ಲ."

"ಮಾಡು ಹೋಗು. ಅವರಿಗೆ ರಜೆ ಹಾಕೋಕೆ ಹೇಳ್ತೀನಿ. ಅವಳ ಬಟ್ಟೇಲಿ ಯಾವ್ಯಾವುದು ಚಿಕ್ಕದಾಗಿದೆ ನೋಡಿಡು, ಅವನ್ನ ಕಳಿಸ್ಬೇಡ."

"ದೊಡ್ಡದು ಹೊಲಿದಿದೀನಿ."

"ಯಾವ ಬಣ್ಣ?"

"ನೀಲಿ," ಎಂದಳು ಸೊಸೆ. "ಯೂನಿಫಾರ್ಮಿಂದು ಉಳಿದಿತ್ತು."

"ತೋರಿಸು," ಎಂದಳು ಮೊಮ್ಮಗಳು. "ಹಾಕಿ ತೋರಿಸು. ನೀನೂ ಈ ಕಡೆ ಬಾ, ಬರೀ ಕೈ ಕಾಣುತ್ತೆ."